ತೋಯದೆ ನಡೆದವರು



ನಾನು ಕುಣಿಗಲ್ ತಾಲೂಕಿನ ಕೊತ್ತಗೆರೆಯವನು. ಇವತ್ತು ನಿಮ್ಮೊಂದಿಗೆ ಒಂದೇ ವಿಷಯ ಮಾತಾಡುತ್ತೇನೆ. ಮಳೆಯಲ್ಲಿ, ಹಸಿ ನೆಲದಲ್ಲಿ, ಗಂಟೆಗಟ್ಟಲೆ ನಡೆಯಬೇಕಾದವರು ಮೈ ತೋಯದಂತೆ ಹೇಗೆ ಕಾಪಾಡಿಕೊಳ್ಳಬೇಕು? ಇದನ್ನು ಚೆನ್ನಾಗಿ ಬಲ್ಲವರು ಯಾರು ಎಂದು ಹುಡುಕಿದರೆ ಇಬ್ಬರು ಸಿಗುತ್ತಾರೆ. ಒಬ್ಬ ಕುರಿಗಾಹಿ. ಇನ್ನೊಬ್ಬ, ಜಿಂಕೆ ಕಡವೆಗಳ ಹೆಜ್ಜೆ ಹಿಡಿದು ಕಾಡು ಸುತ್ತುತ್ತಿದ್ದ ಹಳೆಯ ಕಾಲದ ಬೇಟೆಗಾರ.

ಬೇಟೆಯ ಮಾತು ಬಂತು. ಆದ್ದರಿಂದ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಬೇಟೆಗೆ ಕಡಿವಾಣ ಹಾಕುವ ಕಾಯಿದೆ ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬಂದಿತ್ತು. ಆಗ ಕಾಲ ನೋಡಿ, ಅಪ್ಪಣೆ ಪಡೆದು ಹೊಡೆಯಬಹುದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಬಾಗಿಲೂ ಮುಚ್ಚಿತು. ಇವತ್ತು ಜಿಂಕೆ ಹೊಡೆದವನು ಜೈಲಿಗೆ ಹೋಗುತ್ತಾನೆ. ಅದು ಹಾಗೇ ಇರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬೇಟೆಗಾರ ಮಳೆಯಲ್ಲಿ ನಡೆದು ನಡೆದು ಕಲಿತ ವಿದ್ಯೆ ಒಂದಿದೆ. ಅದು ಕೋವಿಯ ಜೊತೆಗೆ ಹೂತುಹೋಗಬಾರದು. ಇವತ್ತು ಅದೇ ಕಾಡಿನಲ್ಲಿ ಅದೇ ಜಿಂಕೆಯನ್ನು ಕಾಯಲು ನಡೆಯುವವರಿದ್ದಾರೆ. ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಲ್ಲುವ ನಮ್ಮವರಿದ್ದಾರೆ. ಅವರಿಗೆ ಆ ವಿದ್ಯೆ ಬೇಕು.

ನಮ್ಮ ಮಳೆಗೂ ಜಿಂಕೆಗೂ ಒಂದು ಹಳೆಯ ನಂಟಿದೆ. ಜೂನ್ ತಿಂಗಳ ಮೊದಲ ವಾರ ಕಳೆಯುತ್ತಿದ್ದಂತೆ ಮೃಗಶಿರಾ ಮಳೆ ಹುಟ್ಟುತ್ತದೆ. ಆಕಾಶದಲ್ಲಿ ಜಿಂಕೆಯ ತಲೆ ಎಂದು ಹಿರಿಯರು ಗುರುತಿಸಿದ ನಕ್ಷತ್ರ ಅದು. ಅದರ ಹಿಂದೆಯೇ ಪಳಪಳ ಹೊಳೆಯುವ ಇನ್ನೊಂದು ನಕ್ಷತ್ರವಿದೆ. ಅವನು ಲುಬ್ಧಕ, ಬೇಟೆಗಾರ. ಮುಂದೆ ಜಿಂಕೆ, ಹಿಂದೆ ಬೇಡ. ಹೀಗೆ ಮುಂಗಾರಿನ ಲೆಕ್ಕದಲ್ಲೇ ಬೇಟೆಯ ಚಿತ್ರ ಸೇರಿಕೊಂಡಿದೆ.

ಆದರೆ ನಮ್ಮ ಕೊತ್ತಗೆರೆಯ ಕಡೆ ಮೃಗಶಿರಾ ಅಷ್ಟು ಜೋರಲ್ಲ. ನಮಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಹಿಡಿದರೆ ಕೆರೆ ತುಂಬುತ್ತದೆ. ಕೆರೆ ಕೆಳಗಿನ ಬಯಲು ಕೆಸರಾಗುತ್ತದೆ. ನಾಟಿ, ಕಳೆ, ನೀರು ಕಟ್ಟುವುದು, ಎಲ್ಲವೂ ಆ ಕೆಸರಿನಲ್ಲೇ. ಜಿಂಕೆ ನಮ್ಮಲ್ಲಿ ಈಗ ಅಪರೂಪ. ನಮ್ಮ ಜಿಲ್ಲೆಯ ಮಕ್ಕಳು ಜಿಂಕೆ ನೋಡುವುದು ದೇವರಾಯನದುರ್ಗದ ಬುಡದಲ್ಲಿರುವ ನಾಮದ ಚಿಲುಮೆಯಲ್ಲಿ, ಬೇಲಿಯ ಆಚೆಯಿಂದ. ಇನ್ನು ಮಧುಗಿರಿ ತಾಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಸುಮಾರು 800 ಎಕರೆಯ ಆ ಜಾಗವನ್ನು 2007ರಲ್ಲಿ ಜಯಮಂಗಲಿ ಮೀಸಲು ಎಂದು ಘೋಷಿಸಿದರು. ಅದು ಒಣ ಸೀಮೆ. ಕೃಷ್ಣಮೃಗಕ್ಕೆ ಬಯಲೇ ಇಷ್ಟ.

ಹಾಗಾಗಿ ಹಸಿ ನೆಲದ ಬೇಟೆಯನ್ನು ಅರಿಯಲು ನಾವು ಕೊಂಚ ಪಡುವಣಕ್ಕೆ, ತೆಂಕಣಕ್ಕೆ ಹೋಗಬೇಕು. ಮಲೆನಾಡಿಗೆ. ಕೊಡಗು, ನಾಗರಹೊಳೆಯ ಕಡೆಗೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಹತ್ತು ವರ್ಷದ ಮಳೆ ಅವರಿಗೆ ಒಂದೇ ವರ್ಷದಲ್ಲಿ.

ನಾಗರಹೊಳೆಯ ಕಾಡಿನ ನಡುವೆ ಹಡ್ಲು ಎನ್ನುವ ಜಾಗಗಳಿವೆ. ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ, ಕೇಳಿ. ಸುತ್ತ ದಟ್ಟ ಮರ. ನಡುವೆ ತಗ್ಗಾದ, ಮರವಿಲ್ಲದ ಹಸಿರು ಬಯಲು. ಹುಲ್ಲು ಮೊಣಕಾಲೆತ್ತರ. ದೂರದಿಂದ ಆಟದ ಮೈದಾನ ಎನ್ನಬೇಕು. ಕಾಲಿಟ್ಟರೆ ಕಣಕಾಲಿನವರೆಗೆ ಕೆಸರು. ಹುಲ್ಲಿನ ಅಡಿಯಲ್ಲಿ ನೀರು ಸದಾ ಜಿನುಗುತ್ತಿರುತ್ತದೆ. ಇಂಥ ಕಡೆ ಜಿಂಕೆಗಳ ಹಿಂಡು ಮೇಯುತ್ತದೆ. ಸಂಜೆ ಕಡವೆ ಇಳಿಯುತ್ತದೆ. ಕಾಟಿಯೂ ಬರುತ್ತದೆ. ಬೇಟೆಗಾರನೂ ಇಲ್ಲಿಗೇ ಬರುತ್ತಿದ್ದ.

ಮಳೆಯಲ್ಲಿ ಯಾಕೆ ಬರುತ್ತಿದ್ದ? ಬೇಸಿಗೆಯಲ್ಲಿ ಕಾಡಿನ ನೆಲದ ತುಂಬ ತರಗೆಲೆ. ಒಂದು ಹೆಜ್ಜೆ ಇಟ್ಟರೆ ನೂರು ಗಜ ದೂರದ ಜಿಂಕೆ ಕಿವಿ ನಿಮಿರಿಸುತ್ತದೆ. ಮಳೆ ಬಿದ್ದ ಮೇಲೆ ಅದೇ ಎಲೆ ಮೆತ್ತಗಾಗುತ್ತದೆ. ಹೆಜ್ಜೆಯ ಸದ್ದು ಅಡಗುತ್ತದೆ. ಇನ್ನೊಂದು ಕಾರಣವೂ ಇದೆ. ಮಳೆ ನಿಂತರೂ ಮರ ನಿಲ್ಲುವುದಿಲ್ಲ. ಎಲೆಯಿಂದ ಎಲೆಗೆ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ಆ ಸದ್ದಿನ ನಡುವೆ ಹುಲಿಯ ಹೆಜ್ಜೆಯೂ ಜಿಂಕೆಗೆ ಕೇಳದು. ಅದಕ್ಕೇ ಜಿಂಕೆ ಮರದಡಿ ಬಿಟ್ಟು ಬಯಲಿಗೆ ಬಂದು ನಿಲ್ಲುತ್ತದೆ.

ಹೆಜ್ಜೆ ಗುರುತನ್ನೂ ಮಳೆಯೇ ಬರೆದುಕೊಡುತ್ತದೆ. ಕೆಸರಿನಲ್ಲಿ ಕಡವೆಯ ಗೊರಸು ಊರಿದ ಗುಳಿ ನೋಡಬೇಕು. ಎರಡು ಸೀಳಾದ ಗೊರಸು, ಮುಂದೆ ಚೂಪು. ಆ ಗುಳಿಗೆ ನೀರು ಇನ್ನೂ ಜಿನುಗುತ್ತಿದೆಯೇ? ಆ ನೀರು ರಾಡಿಯಾಗಿದೆಯೇ? ಹಾಗಿದ್ದರೆ ಕಡವೆ ಈಗಷ್ಟೇ ದಾಟಿದೆ. ನೀರು ತುಂಬಿ ತಿಳಿಯಾಗಿದ್ದರೆ ಅದು ಹೋಗಿ ಹೊತ್ತಾಯಿತು. ಇದನ್ನು ಓದಲು ಬೇಟೆಗಾರ ಮಂಡಿಯೂರಿ ಕೂರಬೇಕು. ಕೂತರೆ ಮಂಡಿ ಒದ್ದೆ. ಹುಲ್ಲಿನಲ್ಲಿ ನಡೆದರೆ ತೊಡೆ ಒದ್ದೆ. ಪೊದೆ ಸವರಿದರೆ ತೋಳು ಒದ್ದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಬೇಟೆಗಾರ ಮಳೆಯನ್ನು ತಪ್ಪಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಮಳೆಯಲ್ಲೇ ಹೊರಟ. ಹೊರಟ ಮೇಲೆ ಮೈಯ ಎಲ್ಲ ಭಾಗವನ್ನೂ ಒಣಗಿಸಿಟ್ಟುಕೊಳ್ಳಲು ಆಗದು ಎಂಬುದು ಅವನಿಗೆ ಗೊತ್ತಿತ್ತು. ಹಾಗಾದರೆ ಯಾವುದನ್ನು ಒಣಗಿಸಿಟ್ಟುಕೊಳ್ಳುತ್ತಿದ್ದ? ಈಗ ಆ ಮಾತಿಗೆ ಬರುತ್ತೇನೆ.

ಮೊದಲನೆಯದು ಮದ್ದು. ಮಲೆನಾಡಿನ ಮನೆಗಳಲ್ಲಿ ಇದ್ದದ್ದು ಹೆಚ್ಚಾಗಿ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವ ಕೋವಿ. ಕರಿಮದ್ದು ಗಾಳಿಯಲ್ಲಿನ ತೇವವನ್ನೇ ಹೀರುತ್ತದೆ. ಮದ್ದಿಗೆ ತಂಪು ಹಿಡಿದರೆ ಈಡು ಹಾರದು. ಮುಂದೆ ಹಂದಿಯೋ ಹುಲಿಯೋ ನಿಂತಿದ್ದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಮದ್ದು ಕೊಂಬಿನೊಳಗೆ ಬೆಚ್ಚಗಿರುತ್ತಿತ್ತು. ಕೋವಿಯ ಕುದುರೆ, ಕೇಪು ಇರುವ ಜಾಗಕ್ಕೆ ಬಟ್ಟೆ ಸುತ್ತಿರುತ್ತಿತ್ತು. ಕಂಬಳಿಯ ಒಳಗೆ ಕೋವಿಗೂ ಜಾಗವಿತ್ತು. ಕುವೆಂಪು ಅವರ ಕಾನೂರು ಹೆಗ್ಗಡತಿ, ಮಲೆಗಳಲ್ಲಿ ಮದುಮಗಳು ಓದಿದವರಿಗೆ ಈ ಕೋವಿ, ಕಂಬಳಿ, ಮಳೆ ಮೂರೂ ಪರಿಚಿತ. ಹಳು ನುಗ್ಗುವವರು ಒಂದು ಕಡೆ, ಬಿಲ್ಲಿಗೆ ಕೂತವರು ಇನ್ನೊಂದು ಕಡೆ. ಬಿಲ್ಲು ಎಂದರೆ ಕೋವಿಯವನು ಪ್ರಾಣಿಗಾಗಿ ಕಾದು ಕೂರುವ ಜಾಗ. ಅಲ್ಲಿ ಅಲುಗಾಡದೆ ಗಂಟೆಗಟ್ಟಲೆ ಕೂತಿರಬೇಕು.

ಎರಡನೆಯದು ತಲೆ, ಬೆನ್ನು, ಎದೆ. ಇದಕ್ಕೆ ಕಂಬಳಿ ಕೊಪ್ಪೆ. ನಮ್ಮ ಕಡೆ ಕಂಬಳಿ ಇಲ್ಲದವರು ಗೋಣಿ ಕೊಪ್ಪೆ ಹಾಕುತ್ತಿದ್ದರು. ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಕೊಪ್ಪೆ ಹಾಕಲು ಬರುವುದಿಲ್ಲ. ರೇಡಿಯೊ ಪಕ್ಕದಲ್ಲಿ ಖಾಲಿ ಗೋಣಿಚೀಲ ಇದ್ದರೆ ಕೈಗೆ ತಗೊಳ್ಳಿ. ಚೀಲದ ಬಾಯಿ ಕೆಳಗಿರಲಿ, ತಳ ಮೇಲಿರಲಿ. ತಳದಲ್ಲಿ ಎರಡು ಮೂಲೆ ಇವೆ. ಎಡ ಮೂಲೆಯನ್ನು ಒಳಕ್ಕೆ ಒತ್ತಿ. ಒತ್ತುತ್ತಾ ಹೋಗಿ, ಅದು ಬಲ ಮೂಲೆಯೊಳಗೆ ಹೋಗಿ ಕೂರಲಿ. ಈಗ ಒಂದು ಮೂಲೆಯೊಳಗೆ ಇನ್ನೊಂದು ಮೂಲೆ ಸೇರಿತು. ತಲೆಗೆ ಇಡಿ. ನೆತ್ತಿಯ ಮೇಲೆ ಚೂಪಾದ ಕುಲಾವಿ ಆಯಿತು. ಉಳಿದ ಚೀಲ ಬೆನ್ನಿನ ಮೇಲೆ ಇಳಿಬಿತ್ತು. ಸೂಜಿ ಬೇಡ, ದಾರ ಬೇಡ. ತಲೆಯ ಮೇಲೆ ಎರಡು ಪದರ, ಬೆನ್ನಿಗೆ ಎರಡು ಪದರ. ನೀರು ಚೂಪಿನಿಂದ ಜಾರಿ ಹಿಂದಕ್ಕೆ ಇಳಿಯುತ್ತದೆ. ಎರಡು ಕೈಯೂ ಖಾಲಿ. ಗುದ್ದಲಿ ಹಿಡಿಯಬಹುದು, ಪೈರು ಹಿಡಿಯಬಹುದು. ಛತ್ರಿ ಹಿಡಿದವನಿಗೆ ಈ ಅನುಕೂಲ ಇಲ್ಲ.

ಮಲೆನಾಡಿನಲ್ಲಿ ನಾಟಿ ಹಾಕುವ ಹೆಂಗಸರಿಗೆ ಗೊರಬು ಇತ್ತು. ಅದನ್ನು ಸೊಪ್ಪು, ಗರಿಗಳಿಂದ ಹೆಣೆಯುತ್ತಿದ್ದರು. ಬಗ್ಗಿದ ಬೆನ್ನಿಗೆ ಒಪ್ಪುವ ಹಾಗೆ ಅದರ ಆಕಾರ. ತಲೆಯಿಂದ ಸೊಂಟದ ಕೆಳಗಿನವರೆಗೆ ಒಂದೇ ಮಾಡು. ಬಗ್ಗಿ ಕೆಲಸ ಮಾಡುವವಳಿಗೆ ನಿಂತು ನಡೆಯುವವನ ಕೊಪ್ಪೆ ಸಾಲದು ಎಂದು ಯೋಚಿಸಿ ಮಾಡಿದ ವಸ್ತು. ಕರಾವಳಿಗೆ, ಕಾಸರಗೋಡಿನ ಕಡೆಗೆ ಹೋದರೆ ಅಡಕೆ ಹಾಳೆಯ ಮುಟ್ಟಾಳೆ. ಹಾಳೆಯನ್ನು ನೆನೆಸಿ, ಮಡಿಸಿ, ಹೊಲಿದರೆ ಟೋಪಿ. ನೆತ್ತಿಗೆ ನೀರು ಇಳಿಯುವುದಿಲ್ಲ, ತಲೆಯ ಮೇಲಿನ ಹೊರೆಗೆ ಸಿಂಬಿಯೂ ಬೇಡ.

ಇಷ್ಟು ಕೇಳಿದ ಮೇಲೆ ನೀವು ಕೇಳಬಹುದು. ಕಂಬಳಿ ನೀರು ಹೀರುತ್ತದಲ್ಲ? ನೆನೆದ ಕಂಬಳಿ ಹೊತ್ತವನು ಒಣಗಿರುವುದು ಹೇಗೆ? ಸರಿಯಾದ ಪ್ರಶ್ನೆ. ಇವತ್ತಿನ ಮಾತಿನ ತಿರುಳೇ ಇಲ್ಲಿದೆ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಕಂಬಳಿ ಹುಟ್ಟುವುದು ನಮ್ಮ ಬಯಲುಸೀಮೆಯಲ್ಲಿ. ಚಳ್ಳಕೆರೆಯ ಕಂಬಳಿ ಎಂದರೆ ನಾಡಿಗೆಲ್ಲ ಗೊತ್ತು. ಕರಿ ಕುರಿಯ ಉಣ್ಣೆ ಕತ್ತರಿಸಿ, ಬಿಡಿಸಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಗುಂಡಿಮಗ್ಗದಲ್ಲಿ ನೇಯುತ್ತಾರೆ. ನೇಯುವ ಮೊದಲು ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿ ಮಾಡಿದ ಅಂಟು. ತುಮಕೂರಿನವರಿಗೆ ಹುಣಸೆ ಹಣ್ಣಿನ ವ್ಯಾಪಾರ ಗೊತ್ತು. ಅದರ ಬೀಜ ಕಂಬಳಿಗೆ ಬಿಗಿ ಕೊಡುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತೋ! ಹೊಸ ಕಂಬಳಿ ಮುಟ್ಟಿದರೆ ಬಿರುಸು. ಮೈಗೆ ಚುಚ್ಚುತ್ತದೆ. ಆ ಬಿರುಸಿನಲ್ಲೇ ಅದರ ಗುಣ ಇದೆ.

ಕುರಿಯ ಕೂದಲಿನ ಹೊರಮೈಗೆ ಜಿಡ್ಡಿದೆ. ಹನಿ ಬಿದ್ದ ಕೂಡಲೇ ಅದು ಒಳಗೆ ಹೋಗದೆ ಜಾರುತ್ತದೆ. ಸಣ್ಣ ಮಳೆ ಕಂಬಳಿಯ ಮೇಲೆ ಮಣಿ ಮಣಿಯಾಗಿ ನಿಲ್ಲುತ್ತದೆ. ಕೊಡವಿದರೆ ಹೋಗುತ್ತದೆ. ಆದರೆ ಗಾಳಿಯಲ್ಲಿನ ಆವಿಯನ್ನು, ಮೈಯ ಬೆವರಿನ ಆವಿಯನ್ನು ಆ ಕೂದಲು ಒಳಗೆಳೆದುಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ತೇವ ಹೀರುವಾಗ ಅದು ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಇದು ಲೆಕ್ಕಕ್ಕೆ ಸಿಕ್ಕ ಸಂಗತಿ. ಹತ್ತಿಗೆ ಈ ಗುಣ ಇಷ್ಟಿಲ್ಲ. ಹತ್ತಿ ನೆನೆದರೆ ಮೈಗೆ ಅಂಟುತ್ತದೆ. ಗಾಳಿಗಿಂತ ನೀರು ಮೈಯ ಕಾವನ್ನು ಸುಮಾರು 25 ಪಟ್ಟು ಬೇಗ ಕದಿಯುತ್ತದೆ. ನೆನೆದ ಹತ್ತಿ ಅಂಗಿಯಲ್ಲಿ ನಡುಗುತ್ತೇವಲ್ಲ, ಅದಕ್ಕೆ ಇದೇ ಕಾರಣ. ಉಣ್ಣೆಯ ನೂಲು ಸುರುಳಿ ಸುರುಳಿ. ನೆನೆದರೂ ಅದರ ನಡುವೆ ಗಾಳಿ ಉಳಿದಿರುತ್ತದೆ. ಆ ಗಾಳಿಯೇ ಬೆಚ್ಚಗಿಡುತ್ತದೆ.

ನಮ್ಮ ಕಡೆಯ ಕುರಿಗಾಹಿಯನ್ನು ಕೇಳಿದರೆ ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಾನೆ: “ಕಂಬ್ಳಿ ನೆನೀತದೆ ಕಣಪ್ಪ, ಮೈ ನೆನೆಯಾಕಿಲ್ಲ.”

ಕಂಬಳಿಗೆ ದೋಷವೇ ಇಲ್ಲ ಎನ್ನಲಾರೆ. ಜಡಿಮಳೆಯಲ್ಲಿ ಇಡೀ ದಿನ ನಿಂತರೆ ಅದು ನೀರು ಕುಡಿದು ಭಾರವಾಗುತ್ತದೆ. ಬೇಗ ಒಣಗುವುದಿಲ್ಲ. ಗೋಣಿ ಕೊಪ್ಪೆಯಂತೂ ಇನ್ನೂ ಬೇಗ ನೆನೆಯುತ್ತದೆ. ಈಗ ಗದ್ದೆಯಲ್ಲಿ ಎಲ್ಲರ ತಲೆಯ ಮೇಲೂ ಗೊಬ್ಬರದ ಪ್ಲಾಸ್ಟಿಕ್ ಚೀಲ. ಹಗುರ, ಬಿಟ್ಟಿ, ಹನಿಯೂ ಒಳಗಿಳಿಯದು. ಹಾಗಾದರೆ ಕಂಬಳಿ ಬಿಟ್ಟು ಪ್ಲಾಸ್ಟಿಕ್ ಹಿಡಿದರೆ ಸಾಕಲ್ಲವೆ?

ಈ ಪ್ರಶ್ನೆಗೆ ಉತ್ತರ ಹುಡುಕಿ ನಾನು ನಿಮ್ಮನ್ನು ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋಗಬೇಕು. ಅಲ್ಲೂ ಮಳೆ, ಅಲ್ಲೂ ಜೌಗು, ಅಲ್ಲೂ ಜಿಂಕೆ. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂತೋಷ್ ಎಂಬಾತ ಎರಡು ಬಟ್ಟೆಗಳ ನಡುವೆ ರಬ್ಬರ್ ಕೂರಿಸಿ ನೀರು ಹೊಗದ ಬಟ್ಟೆ ಮಾಡಿದ. ರೇನ್‌ಕೋಟು ಹುಟ್ಟಿದ್ದು ಅಲ್ಲಿ. ಹನಿ ಒಳಗೆ ಬರಲಿಲ್ಲ. ಆದರೆ ಬೆವರು ಹೊರಗೆ ಹೋಗಲಿಲ್ಲ. ಹತ್ತು ಮೈಲಿ ಗುಡ್ಡ ಹತ್ತುವವನು ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಬೆವರಬಲ್ಲ. ಆ ಬೆವರೆಲ್ಲ ಕೋಟಿನ ಒಳಮೈಗೆ ತಾಗಿ ನೀರಾಗಿ ಮತ್ತೆ ಮೈಗೇ ಇಳಿಯುತ್ತದೆ. ಮಳೆಯಲ್ಲಿ ತೋಯಲಿಲ್ಲ, ಬೆವರಿನಲ್ಲಿ ತೋಯ್ದ. ತಣ್ಣಗೆ ನಿಂತ ಕೂಡಲೇ ಚಳಿ ಹಿಡಿಯಿತು.

ಇನ್ನೊಂದು ತೊಂದರೆ. ರಬ್ಬರು, ಪ್ಲಾಸ್ಟಿಕ್ಕು ಪೊದೆಗೆ ತಾಗಿದರೆ ಸರಬರ ಸದ್ದು. ಜಿಂಕೆಯ ಕಿವಿಗೆ ಅಷ್ಟು ಸಾಕು. ಹೀಗಾಗಿ ರೇನ್‌ಕೋಟು ಹುಟ್ಟಿದ ನಾಡಿನಲ್ಲೇ ಜಿಂಕೆಯ ಜಾಡು ಹಿಡಿಯುವವರು ಉಣ್ಣೆ ಬಿಡಲಿಲ್ಲ. ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆಯನ್ನು ಅವರು ಇವತ್ತಿಗೂ ತೊಡುತ್ತಾರೆ. ಅದು ಸದ್ದು ಮಾಡುವುದಿಲ್ಲ, ನೆನೆದರೂ ಬೆಚ್ಚಗಿರುತ್ತದೆ. ನಮ್ಮ ಕರಿ ಕಂಬಳಿಯ ದೂರದ ತಮ್ಮ ಎನ್ನಿ. ಮಲೆನಾಡಿನ ಬೇಟೆಗಾರನೂ ಸ್ಕಾಟ್ಲೆಂಡಿನ ಬೇಟೆಗಾರನೂ ಒಬ್ಬರನ್ನೊಬ್ಬರು ಕಾಣದೆ ಒಂದೇ ತೀರ್ಮಾನಕ್ಕೆ ಬಂದರು. ಇದು ನನಗೆ ತುಂಬ ದೊಡ್ಡ ವಿಷಯವಾಗಿ ಕಾಣುತ್ತದೆ.

1969ರಲ್ಲಿ ಅಮೆರಿಕದ ಬಾಬ್ ಗೋರ್ ಇನ್ನೊಂದು ದಾರಿ ಕಂಡರು. ಹನಿ ಹೊಗಲಾರದ, ಆದರೆ ಆವಿ ಹಾಯಬಲ್ಲ ಸೂಕ್ಷ್ಮ ರಂಧ್ರಗಳ ಹಾಳೆ. ಗೋರ್‌ಟೆಕ್ಸ್ ಎಂಬ ಬೆಲೆಬಾಳುವ ಕೋಟುಗಳು ಅದರಿಂದ ಬಂದವು. ತಣ್ಣನೆಯ ದೇಶಗಳಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ನಮ್ಮ ಮುಂಗಾರಿನಲ್ಲಿ ಅಷ್ಟು ಮಾಡವು. ಕಾರಣ ಸರಳ. ಆವಿ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಕೋಟಿನ ಹೊರಗಿನ ಗಾಳಿಯೂ ತೇವದಿಂದ ಬಿಗಿದಿರುತ್ತದೆ. ಒಳಗಿನ ಆವಿ ಹೋಗುವುದೆಲ್ಲಿಗೆ? ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ಮುನ್ನ ನಮ್ಮ ಯುವಕರು ಇದನ್ನು ನೆನಪಿಟ್ಟುಕೊಳ್ಳಬೇಕು. ಕುತ್ತಿಗೆ ಸಡಿಲ, ಕಂಕುಳಲ್ಲಿ ತೆರಪು, ಕೆಳಗೆ ಗಾಳಿಯಾಡುವ ಕೊಪ್ಪೆ, ಇವು ನಮ್ಮ ಹವೆಗೆ ಹೊಂದುತ್ತವೆ.

ಇಷ್ಟರಲ್ಲಿ ನಾವು ತಲೆ, ಎದೆ, ಬೆನ್ನಿನ ಮಾತು ಮುಗಿಸಿದೆವು. ನೀರನ್ನು ತಡೆಯುವುದು ಅರ್ಧ ಕೆಲಸ, ಒಳಗಿನ ಬೆವರಿಗೆ ದಾರಿ ಬಿಡುವುದು ಇನ್ನರ್ಧ ಎಂದು ಕಂಡೆವು. ಈಗ ಕೆಳಗೆ ಇಳಿಯೋಣ. ಕಾಲಿಗೆ ಬರೋಣ.

ಹಡ್ಲಿನಲ್ಲಿ ನಡೆಯುವವನ ಕಾಲು ಒಣಗಿರುವುದು ಸಾಧ್ಯವೇ ಇಲ್ಲ. ಗದ್ದೆಯಲ್ಲೂ ಅಷ್ಟೇ. ನಮ್ಮ ಹಿರಿಯರು ಎಕ್ಕಡವನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕೆಸರು ದಾಟುತ್ತಿದ್ದರು. ದಡ ಸೇರಿದ ಮೇಲೆ ಕಾಲು ತೊಳೆದು ಮೆಟ್ಟುತ್ತಿದ್ದರು. ಎಕ್ಕಡದ ಚರ್ಮಕ್ಕೆ ಹರಳೆಣ್ಣೆ ಸವರುತ್ತಿದ್ದರು. ಚರ್ಮ ಒಡೆಯುತ್ತಿರಲಿಲ್ಲ, ನೀರನ್ನೂ ಅಷ್ಟು ಬೇಗ ಕುಡಿಯುತ್ತಿರಲಿಲ್ಲ. ಮಲೆನಾಡಿನಲ್ಲಿ ಇಂಬಳಗಳ ಕಾಟ. ಅದಕ್ಕೆ ಸುಣ್ಣ, ಹೊಗೆಸೊಪ್ಪು.

ಈಗ ಗಂಬೂಟು ಬಂದಿದೆ. ಕೊಟ್ಟಿಗೆಗೆ, ತೋಟಕ್ಕೆ ಅದು ಒಳ್ಳೆಯದು. ಹಾವಿಗೂ ಅಡ್ಡ. ಆದರೆ ನೀರು ಬೂಟಿನ ಬಾಯಿಗಿಂತ ಮೇಲಿದ್ದರೆ ಒಳಗೆ ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಹೋಗುವುದಿಲ್ಲ. ಒಂದೊಂದು ಹೆಜ್ಜೆಗೂ ಲೀಟರ್ ನೀರು ಎತ್ತಿ ಇಟ್ಟಂತೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಗದ್ದೆ, ಜೌಗುಗಳಲ್ಲಿ ನಡೆಯಬೇಕಾಗಿತ್ತು. ಅವರ ಬೂಟಿನ ಪಕ್ಕದಲ್ಲಿ, ಪಾದದ ಒಳಬದಿಗೆ, ಸಣ್ಣ ತೂತು ಇಟ್ಟಿದ್ದರು. ಒಳಗೆ ಹೋದ ನೀರು ನಡೆಯುತ್ತಾ ನಡೆಯುತ್ತಾ ಪಿಚಕ್ಕನೆ ಹೊರಬರಲಿ ಎಂದು. ನೀರನ್ನು ತಡೆಯುವ ಹಟ ಬಿಟ್ಟು ಹೊರಹಾಕುವ ದಾರಿ ಹಿಡಿದರು. ಬರಿಗಾಲಲ್ಲಿ ಕೆಸರು ದಾಟಿ ದಡದಲ್ಲಿ ಕಾಲೊರೆಸಿಕೊಂಡ ನಮ್ಮ ಹಿರಿಯರ ಬುದ್ಧಿಯೂ ಇದೇ.

ಕಾಲು ಹಗಲೆಲ್ಲ ಒದ್ದೆಯಾಗಲಿ. ರಾತ್ರಿ ಒಣಗಲೇಬೇಕು. ಇದನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದನ್ನು ಮೊದಲ ಮಹಾಯುದ್ಧ ತೋರಿಸಿತು. 1914ರ ಚಳಿಗಾಲದಲ್ಲಿ ಕಂದಕಗಳ ಕೆಸರಿನಲ್ಲಿ ನಿಂತ ಬ್ರಿಟಿಷ್ ಸೈನಿಕರಲ್ಲಿ ಸುಮಾರು 20 ಸಾವಿರ ಮಂದಿಯ ಪಾದ ಕೆಟ್ಟಿತು. ಚರ್ಮ ಬಿಳಿಚಿ, ಮರಗಟ್ಟಿ, ಕೊಳೆಯಿತು. ಎಷ್ಟೋ ಜನ ಬೆರಳು ಕಳೆದುಕೊಂಡರು. ಆಮೇಲೆ ಸೇನೆ ಕಟ್ಟಪ್ಪಣೆ ಮಾಡಿತು. ದಿನಕ್ಕೊಮ್ಮೆ ಪಾದ ಒರೆಸಬೇಕು, ಎಣ್ಣೆ ಹಚ್ಚಬೇಕು, ಕಾಲುಚೀಲ ಬದಲಾಯಿಸಬೇಕು. ಕಾಯಿಲೆ ಇಳಿಯಿತು. ಔಷಧಿಗಿಂತ ಒಣ ಕಾಲುಚೀಲ ಹೆಚ್ಚು ಜನರ ಕಾಲು ಉಳಿಸಿತು.

ನಮ್ಮಲ್ಲಿ ಅಂಥ ಚಳಿ ಇಲ್ಲ. ಆದರೆ ಕೆಸರುಹುಣ್ಣು ಇದೆ. ಗದ್ದೆಗೆ ಇಳಿಯುವ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಬೆರಳ ಸಂದಿಯ ಚರ್ಮ ಬೆಳ್ಳಗೆ ಮೆತ್ತಗಾಗುತ್ತದೆ, ಸುಲಿಯುತ್ತದೆ, ಉರಿಯುತ್ತದೆ. ಮನೆಯಲ್ಲಿ ಗೋರಂಟಿ ಸೊಪ್ಪು ಅರೆದು ಹಚ್ಚುತ್ತಾರೆ. ಅದರ ಜೊತೆಗೆ ಸಂಜೆ ಸೋಪು ಹಾಕಿ ತೊಳೆದು, ಸಂದಿ ಸಂದಿಯನ್ನೂ ಒಣಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಕೆಲಸಕ್ಕೆ ಇಳಿಯುವ ಮೊದಲು ಪಾದಕ್ಕೆ ಎಣ್ಣೆ ಸವರಿದರೆ ನೀರು ಚರ್ಮಕ್ಕೆ ಇಳಿಯುವುದು ತಡವಾಗುತ್ತದೆ. ಹೊಂಗೆ, ಬೇವು, ಕೊಬ್ಬರಿ, ಮನೆಯಲ್ಲಿ ಯಾವುದಿದೆಯೋ ಅದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇಲಿಜ್ವರ. ಇಲಿಯ ಉಚ್ಚೆ ಸೇರಿದ ನೀರಿನಲ್ಲಿ ಇರುವ ಸೂಕ್ಷ್ಮಜೀವಿ ಒಡೆದ ಹಿಮ್ಮಡಿ, ಸುಲಿದ ಬೆರಳ ಸಂದಿ, ನೆನೆದು ಮೆತ್ತಗಾದ ಚರ್ಮದ ಮೂಲಕ ಮೈ ಸೇರುತ್ತದೆ. ಗದ್ದೆ ಕೆಲಸ ಮಾಡಿ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬೇಗ ಗೊತ್ತಾದರೆ ಅದಕ್ಕೆ ಒಳ್ಳೆಯ ಔಷಧಿ ಇದೆ. ತಡವಾದರೆ ಮೂತ್ರಪಿಂಡ, ಯಕೃತ್ತು ಕೆಡುತ್ತವೆ.

ಮದ್ದು, ಮೈ, ಕಾಲು ಇಷ್ಟನ್ನೂ ನೋಡಿದೆವು. ಮೊದಲು ಹೇಳಿದ ಮಾತಿಗೆ ಈಗ ಬರಬಹುದು. ಬೇಟೆ ನಿಂತ ಮೇಲೆ ಈ ವಿದ್ಯೆ ಯಾರಿಗೆ ಬೇಕು?

ಕೆನೆತ್ ಆಂಡರ್ಸನ್ ಹೆಸರು ನೀವು ಕೇಳಿರುತ್ತೀರಿ. ಬೆಂಗಳೂರಿನಲ್ಲಿದ್ದ ಬೇಟೆಗಾರ. ನಮ್ಮ ದೇವರಾಯನದುರ್ಗದ ಹುಲಿಯ ಬಗ್ಗೆಯೂ ಬರೆದಿದ್ದಾರೆ. ಆಂಡರ್ಸನ್ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದರು. ನಮ್ಮ ಹುಡುಗರು ಅವನ್ನು ಓದಿ ಕಾಡಿಗೆ ಮರುಳಾದರು. ತೇಜಸ್ವಿಯವರೇ ಕೋವಿ ಹಿಡಿದಿದ್ದವರು. ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ನಡೆದರು. ಕಾಡಿನಲ್ಲಿ ಕಾದು ಕೂರುವ ತಾಳ್ಮೆ ಎರಡಕ್ಕೂ ಒಂದೇ.

ನಾಗರಹೊಳೆಯಲ್ಲಿ ಕೆ.ಎಂ. ಚಿಣ್ಣಪ್ಪ ಎಂಬ ವಲಯ ಅರಣ್ಯಾಧಿಕಾರಿ ಇದ್ದರು. ಕೊಡಗಿನವರು. ಕಳ್ಳಬೇಟೆಯವರ ವಿರುದ್ಧ ದಶಕಗಳ ಕಾಲ ನಿಂತರು. ಅಲ್ಲಿ ಇವತ್ತು ಜಿಂಕೆಗಳ ದೊಡ್ಡ ದೊಡ್ಡ ಹಿಂಡು ಕಾಣುತ್ತವೆ ಎಂದರೆ ಅವರಂಥವರ ಕಾಲಿನ ಸವೆತ ಅದರಲ್ಲಿದೆ. ಕಾಡಿನಲ್ಲಿ ಕಳ್ಳಬೇಟೆ ತಡೆ ಶಿಬಿರಗಳಿವೆ. ಕೆಲವು ಮಂದಿ ವಾಚರುಗಳು ಅಲ್ಲೇ ಉಂಡು, ಅಲ್ಲೇ ಮಲಗಿ, ದಿನಾ ಗಸ್ತು ತಿರುಗುತ್ತಾರೆ. ಮಳೆಗಾಲದಲ್ಲಿ ಕಾಡಿನ ರಸ್ತೆಗಳು ಕೆಸರಾಗಿ ಜೀಪು ಓಡುವುದಿಲ್ಲ. ಕಳ್ಳಬೇಟೆಯವನಿಗೆ ಅದೇ ಸುಗ್ಗಿ. ಹೆಜ್ಜೆ ಸದ್ದು ಕೇಳದು, ಗುಂಡಿನ ಸದ್ದು ಮಳೆಯಲ್ಲಿ ಮುಳುಗುತ್ತದೆ. ಹಾಗಾಗಿ ಜನ ಮನೆಯೊಳಗೆ ಬೆಚ್ಚಗಿರುವ ತಿಂಗಳುಗಳಲ್ಲೇ ವಾಚರು ಹೆಚ್ಚು ನಡೆಯಬೇಕು. ಹಿಂದಿನ ಬೇಟೆಗಾರ ನಡೆದ ಹಡ್ಲಿನಲ್ಲೇ, ಅವನು ಓದಿದ ಹೆಜ್ಜೆಯನ್ನೇ ಓದುತ್ತಾ ನಡೆಯುತ್ತಾರೆ. ಅವರಲ್ಲಿ ಹಲವರು ಜೇನುಕುರುಬರು, ಕಾಡಿನ ಮಕ್ಕಳು. ಜಾಡು ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಸಂಜೆ ಶಿಬಿರಕ್ಕೆ ಮರಳಿದಾಗ ಬದಲಾಯಿಸಲು ಒಣ ಬಟ್ಟೆ ಬೇಕು. ನಾಳೆ ಬೆಳಿಗ್ಗೆ ತೊಡಲು ಒಣಗಿದ ಬೂಟು ಬೇಕು. ಬಿಡದೆ ಮಳೆ ಹಿಡಿದರೆ ಇವೆರಡೂ ಸಿಗುವುದು ಕಷ್ಟ.

ಪೇಟೆಯ ಸಂಘ ಸಂಸ್ಥೆಗಳು ಅರಣ್ಯ ಕಾವಲುಗಾರರಿಗೆ ರೇನ್‌ಕೋಟು ಹಂಚುವುದನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಒಳ್ಳೆಯ ಕೆಲಸ. ನನ್ನದೊಂದು ಕೋರಿಕೆ ಇದೆ. ಒಂದು ಪ್ಲಾಸ್ಟಿಕ್ ಕೋಟಿನ ಜೊತೆಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಕೊಡಿ. ಒಂದು ನಡೆಯಲು, ಒಂದು ಮಲಗಲು. ಮಲಗುವ ಜೊತೆಯನ್ನು ಎಂಥ ಮಳೆ ಬಂದರೂ ಹೊರಗೆ ತೊಡಬಾರದು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಲಿ. ಹಳೆಯ ಬೇಟೆಗಾರ ಮದ್ದನ್ನು ಕಾಪಾಡಿದ ಎಚ್ಚರದಿಂದಲೇ ಅದನ್ನು ಕಾಪಾಡಲಿ. ಸಾಧ್ಯವಾದರೆ ಒಂದು ಚಳ್ಳಕೆರೆ ಕಂಬಳಿಯನ್ನೂ ಕೊಡಿ. ನೇಯುವವರ ಮನೆಗೂ ನಾಲ್ಕು ಕಾಸು ಸೇರಲಿ. ಒರಟು ಎಂದು ಮಿದು ಹೊದಿಕೆ ಕೊಳ್ಳುವವರಿದ್ದಾರೆ. ಬಣ್ಣ ಬಣ್ಣದ ಆ ಮಿದು ಹೊದಿಕೆಗಳಲ್ಲಿ ಉಣ್ಣೆಯ ಎಳೆಯೂ ಇರುವುದಿಲ್ಲ. ಮಳೆಗೆ ಅವು ಬಾರವು.

ನೆನೆದ ಕಂಬಳಿಯನ್ನು ನೋಡಿಕೊಳ್ಳುವುದೂ ಒಂದು ಕೆಲಸ. ಬಟ್ಟೆ ಹಿಂಡಿದಂತೆ ಅದನ್ನು ತಿರುಚಿ ಹಿಂಡಬೇಡಿ, ಎಳೆ ಸೊಟ್ಟಗಾಗುತ್ತದೆ. ಇಬ್ಬರು ಎದುರುಬದುರು ಹಿಡಿದು ಕೊಡವಿ. ಗಳದ ಮೇಲೆ ಅಗಲವಾಗಿ ಹರಡಿ, ಗಾಳಿಗೆ ಬಿಡಿ. ಒಲೆಗೆ ತೀರ ಹತ್ತಿರ ಬೇಡ, ಉಣ್ಣೆ ಸುಟ್ಟರೆ ಬಿರುಸಾಗಿ ಮುರಿಯುತ್ತದೆ. ಸೋಪು ಹಾಕಿ ಪದೇ ಪದೇ ಒಗೆದರೆ ಅದರ ಜಿಡ್ಡು ಹೋಗುತ್ತದೆ. ಜಿಡ್ಡು ಹೋದ ಕಂಬಳಿಯ ಮೇಲೆ ಹನಿ ಮಣಿಯಾಗಿ ನಿಲ್ಲುವುದಿಲ್ಲ, ನೇರ ಒಳಗಿಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ಚೆನ್ನಾಗಿ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಒಣಗಿಸಿ ಮಡಿಕೆಯ ನಡುವೆ ಇಟ್ಟು ಎತ್ತಿಡಿ.

 ನಮ್ಮ ಕಡೆ ಹಸ್ತ ಮಳೆ ಶುರುವಾಗುವ ಮೊದಲೇ ಅಟ್ಟದ ಮೇಲಿರುವ ಹಳೆಯ ಕಂಬಳಿ ಇಳಿಸಿ ನೋಡಿ, ತೂತಿದ್ದರೆ ಹೊಲಿಸಿ. ಮನೆಯ ಮಕ್ಕಳಿಗೆ ಕೊಪ್ಪೆ ಹಾಕುವುದನ್ನು ಕೈಹಿಡಿದು ತೋರಿಸಿ. ಇನ್ನು ಕಾವಲುಗಾರರಿಗೆ ಕಾಲುಚೀಲ ಕೊಡುವ ಮನಸ್ಸು ಮಾಡಿದವರು ಮೊದಲು ಹತ್ತಿರದ ಅರಣ್ಯ ಇಲಾಖೆ ಕಚೇರಿಯಲ್ಲಿ ಎಷ್ಟು ಜನ ಇದ್ದಾರೆ, ಯಾರ ಪಾದ ಎಷ್ಟು ದೊಡ್ಡದು ಎಂದು ಕೇಳಿ ತಿಳಿದುಕೊಳ್ಳಿ. ಅಳತೆ ತಪ್ಪಿದ ಕಾಲುಚೀಲ ಬೂಟಿನೊಳಗೆ ಮುದ್ದೆಯಾಗಿ ಕಾಲನ್ನೇ ಉಜ್ಜುತ್ತದೆ.